ಮೊದಲನೆಯ ‘ಬೇಡ’

ಚೆಂಬೂರು, ಮುಂಬಯಿ
12-6-1971

ಚೆನ್ನಯರಿಗೆ,

ಅಪ್ಪ ಗಲ್ಲಾದ ಹಿಂದೆ ಕುಳಿತು ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಹೋಟೆಲು ಚೆನ್ನಾಗಿ ನಡೆಯುತ್ತಿದೆಯಂತೆ. ನೀವು ಲಾಸ್ ಪಾಲ್ಮಾಸಿಗೆ ಹೋದ ಮೇಲೆ ಮೂವರು ಅಡುಗೆಯವರು ಬಂದರು, ಒಬ್ಬರ ಸಾಂಬಾರಿಗೂ ನಿಮ್ಮ ಕೈಯ ರುಚಿ ಇಲ್ಲವಂತೆ. ಆದರೆ ಇದನ್ನು ಬರೆಯಬಾರದಂತೆ, ಓದಿದರೆ ನಿಮ್ಮ ತಲೆ ತಿರುಗುತ್ತದಂತೆ. ಆದ್ದರಿಂದ ನಾನು ಬರೆದಿಲ್ಲ ಎಂದೇ ತಿಳಿಯಿರಿ. ನಿಮ್ಮನ್ನು ಅಲ್ಲಿಗೆ ಕೆಲಸಕ್ಕೆ ಕರೆದೊಯ್ದ ಸೇಠರ ತಮ್ಮ, ಇಲ್ಲಿಯ ಸಿಂಧಿ ಕ್ಯಾಂಪಿನವರು, ಮೊನ್ನೆ ಚಹಕ್ಕೆ ಬಂದಿದ್ದರು. ಲಾಸ್ ಪಾಲ್ಮಾಸಿನ ತಮ್ಮ ಅಂಗಡಿಯ ನೌಕರರೆಲ್ಲ ನಿಮ್ಮ ಮೆಸ್ಸಿನಲ್ಲಿ ಉಂಡು ಗುಂಡಗಾಗಿದ್ದಾರೆ ಎಂದರು. ಅಪ್ಪನಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯುರಿಯೂ ಆಯಿತು. ಎರಡನೆಯದನ್ನು ನಾನು ಸೇರಿಸಿದ್ದು.

ಅಪ್ಪ ಹೇಳಿದ್ದು ಇಲ್ಲಿಗೆ ಮುಗಿಯಿತು. ಇನ್ನು ನನ್ನದು.

ನಾನು ಟೈಪಿಸ್ಟ್ ಆಗಿರುವ ಮುಲುಂಡಿನ ಬಾಟಲಿ ಮುಚ್ಚಳದ ಕಾರ್ಖಾನೆ ನಿಮಗೆ ಗೊತ್ತಲ್ಲ. ಅಲ್ಲಿಗೆ ಸ್ಪೇನ್ ದೇಶದ ಒಂದು ಯಂತ್ರ ಬರುತ್ತದೆ. ಯಂತ್ರಕ್ಕಿಂತ ಮೊದಲು ಅದರ ಪುಸ್ತಕ ಬಂದಿದೆ, ಇನ್ನೂರ ಹನ್ನೆರಡು ಪುಟ, ಎಲ್ಲ ಸ್ಪ್ಯಾನಿಷ್. ಯಾರು ಕಲಿಯುತ್ತೀರಿ ಎಂದು ಮ್ಯಾನೇಜರು ಕೇಳಿದಾಗ ಗಂಡಸರೆಲ್ಲ ಫ್ಯಾನು ನೋಡಿದರು. ನಾನು ಮ್ಯಾನೇಜರ ಮುಖ ನೋಡುತ್ತಿದ್ದೆ, ಅಷ್ಟೇ ತಪ್ಪು. ಈಗ ಮಂಗಳವಾರ, ಶುಕ್ರವಾರ ಸಂಜೆ ಕೋಟೆಯಲ್ಲಿ, ಎಂದರೆ ಫೋರ್ಟ್ ಪೇಟೆಯಲ್ಲಿ, ಕ್ಲಾಸು. ಪುಸ್ತಕದ ತುಂಬ ಅಪ್ಪಣೆಗಳೇ: ತೆರೆಯಬೇಡಿ, ಮುಚ್ಚಿರಿ, ಕೈ ಹಾಕಬೇಡಿ, ಒಣಗಿದೆಯೇ ನೋಡಿರಿ. ನಮ್ಮ ಅಪ್ಪನೇ ಬರೆದ ಪುಸ್ತಕವೇನೋ ಎಂದು ಅನುಮಾನ ಬಂತು. ಆದರೆ ಅಪ್ಪನಾಗಿದ್ದರೆ ಇಷ್ಟು ಮರ್ಯಾದೆಯಿಂದ ಹೇಳುತ್ತಿರಲಿಲ್ಲ.

ನೀವಿರುವ ದ್ವೀಪದಲ್ಲಿ ಇದೇ ಭಾಷೆಯಂತೆ. ನಾಲ್ಕು ಮಾತು ಕಲಿಸಿಕೊಡಿ. ಗುರುದಕ್ಷಿಣೆಗೆ ಅಮ್ಮನ ಮಿಡಿ ಉಪ್ಪಿನಕಾಯಿ ಕಳಿಸುತ್ತೇನೆ.

ರಾಜೀವಿ

ಲಾಸ್ ಪಾಲ್ಮಾಸ್
9-7-1971

ರಾಜೀವಿಯವರಿಗೆ,

ಧಣಿಗಳಿಗೂ ಅಮ್ಮನವರಿಗೂ ನನ್ನ ನಮಸ್ಕಾರ ತಿಳಿಸಿರಿ. ರಾತ್ರಿಶಾಲೆಯಲ್ಲಿ ಕಲಿತ ಕನ್ನಡ ನನ್ನದು, ತಪ್ಪಿದ್ದರೆ ಟೈಪಿಸ್ಟರು ತಿದ್ದಿಕೊಳ್ಳಬೇಕು.

ಪುಸ್ತಕದ ಸ್ಪ್ಯಾನಿಷ್ ನನಗೆ ಗೊತ್ತಿಲ್ಲ. ನನ್ನದು ಮಾರ್ಕೆಟಿನದು. ‘ಓಯ್ಗಾ’ ಎಂದರೆ ಸ್ವಲ್ಪ ಕೇಳಿ. ‘ಮಿರೆ’ ಎಂದರೆ ನೋಡಿ. ‘ತೆಂಗಾ’ ಎಂದರೆ ತೆಂಗಿನಕಾಯಲ್ಲ, ತಗೊಳ್ಳಿ. ‘ಪ್ರುಯೆಬೆ’ ಎಂದರೆ ರುಚಿ ನೋಡಿ. ಗಮನಿಸಿದಿರಾ, ಎಲ್ಲವೂ ಮರ್ಯಾದೆಯ ಮಾತು. ಮುಂಬಯಿಯಲ್ಲಿ ಹತ್ತು ವರ್ಷ ನಾನು ‘ಏ ಚೆನ್ನಯ’ ಆಗಿದ್ದೆ. ಇಲ್ಲಿ ಮೀನಿನ ಪೆಟ್ಟಿಗೆಯ ಮೇಲೆ ಕುಳಿತ ಮುದುಕಿಯೂ ನನಗೆ ಬಹುವಚನ ಕೊಡುತ್ತಾಳೆ. ಮೊದಲ ವಾರ ಯಾರನ್ನು ಕರೆಯುತ್ತಿದ್ದಾಳೆ ಎಂದು ಹಿಂದೆ ತಿರುಗಿ ನೋಡುತ್ತಿದ್ದೆ.

ಒಂದು ತಮಾಷೆ ಹೇಳುತ್ತೇನೆ. ಬಂದ ಹೊಸತರಲ್ಲಿ ಗಿಣ್ಣಿನ, ಎಂದರೆ ಚೀಸಿನ, ಅಂಗಡಿಯವಳು ಆಡಿನ ಹಾಲಿನ ಗಿಣ್ಣಿನ ತುಂಡು ಚಾಚಿ ‘ಪ್ರುಯೆಬೆ’ ಎಂದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಬಾಯಲ್ಲಿ ನೀರು. ಆದರೆ ಕೊಟ್ಟ ಕೂಡಲೇ ಕೈ ಚಾಚುತ್ತಾರೆಯೇ? ಬೇಡ ಎಂದು ತಲೆಯಲ್ಲಾಡಿಸಿದೆ. ನಮ್ಮಲ್ಲಾದರೆ ‘ಅಯ್ಯೋ, ತಿನ್ನಿ ಮಾರಾಯ್ರೆ’ ಎಂದು ಕೈಗೆ ತುರುಕುತ್ತಾರೆ. ಅವಳು ‘ಆಯಿತು’ ಎಂದು ತುಂಡನ್ನು ತಾನೇ ಬಾಯಿಗೆ ಹಾಕಿಕೊಂಡಳು! ನಾನು ನೋಡುತ್ತಾ ನಿಂತೆ. ಇಲ್ಲಿ ಬೇಡ ಎಂದರೆ ಬೇಡವೇ. ಈಗ ಅಭ್ಯಾಸವಾಗಿದೆ.

ಉಪ್ಪಿನಕಾಯಿ ಬೇಡ, ಕಳಿಸುವುದು ಕಷ್ಟ. (ಇದು ನಮ್ಮ ಊರಿನ ಬೇಡ.)

ಚೆನ್ನಯ

ಚೆಂಬೂರು
22-8-1971

ಚೆನ್ನಯರಿಗೆ,

ಉಪ್ಪಿನಕಾಯಿ ಸೇಠರ ತಮ್ಮನ ಪೆಟ್ಟಿಗೆಯಲ್ಲಿ ಹೊರಟಿದೆ. ಅವರ ಅಂಗಿಗಳಿಗೆ ಏನಾಗುತ್ತದೋ ದೇವರೇ ಬಲ್ಲ.

ಈ ವಾರ ಕ್ಲಾಸಿನಲ್ಲಿ ಹೊಸದೊಂದು ಬಂತು. ಆದದ್ದನ್ನು ಹೇಳಲು ಸ್ಪ್ಯಾನಿಷಿನಲ್ಲಿ ಒಂದು ರೂಪ. ಇನ್ನೂ ಆಗದ್ದಕ್ಕೆ, ಆಗಲಿ ಎಂದು ಬಯಸುವುದಕ್ಕೆ, ಆಗುತ್ತದೋ ಇಲ್ಲವೋ ಎಂದು ಹೆದರುವುದಕ್ಕೆ ಬೇರೆಯೇ ರೂಪ. ನಮ್ಮ ಗೋವೆಯ ಟೀಚರು ಬೋರ್ಡಿನ ತುಂಬ ಬರೆದು, ಇದು ಬಹಳ ಕಷ್ಟ, ಭಾರತೀಯರಿಗೆ ಹತ್ತುವುದಿಲ್ಲ ಎಂದರು. ನನಗೆ ನಗು ಬಂತು. ನಮ್ಮ ಅಮ್ಮ ಬೆಳಿಗ್ಗೆ ಎದ್ದಾಗಿನಿಂದ ಆ ರೂಪ ಬಿಟ್ಟು ಬೇರೆ ಮಾತಾಡಿದ್ದೇ ಇಲ್ಲ. ನಲ್ಲಿಯಲ್ಲಿ ನೀರು ಬರಲಿ, ಹಾಲು ಒಡೆಯದಿರಲಿ, ಲೋಕಲ್ ತಪ್ಪದಿರಲಿ, ಹುಡುಗಿಗೆ ಒಳ್ಳೆಯದಾಗಲಿ. ಅಮ್ಮನನ್ನು ನೆನೆದು ಬರೆದೆ, ಇಪ್ಪತ್ತಕ್ಕೆ ಹತ್ತೊಂಬತ್ತು ಬಂತು.

ಅಪ್ಪಣೆಯ ರೂಪವೂ ಹೆಚ್ಚುಕಡಿಮೆ ಇದೇ. ಮರ್ಯಾದಸ್ಥರಿಗೆ ಅಪ್ಪಣೆ ಕೊಡುವಾಗ ಬಯಕೆಯ ರೂಪವನ್ನೇ ಬಳಸುತ್ತಾರೆ. ಟೀಚರು ಹೇಳದ ಒಂದು ಉಪಯೋಗವನ್ನು ನಾನು ಕಂಡುಹಿಡಿದಿದ್ದೇನೆ. ಕುರ್ಲಾದಲ್ಲಿ ಗಾಡಿ ಬದಲಿಸುವಾಗ ನೀಲಾಬಾಯಿ ಎಂಬವರು ನನ್ನ ಜೊತೆ ಹತ್ತುತ್ತಾರೆ, ವಿಜಾಪುರದ ಕಡೆಯವರು, ನಮ್ಮ ಕಾರ್ಖಾನೆಯಲ್ಲೇ ಮುಚ್ಚಳ ಆರಿಸುವ ಕೆಲಸ. ಲೇಡೀಸ್ ಡಬ್ಬದಲ್ಲಿ ಮೂವರು ಕುಳಿತ ಬೆಂಚಿನಲ್ಲಿ ನಾಲ್ಕನೆಯವರಿಗಾಗಿ ಯಾರೂ ಸರಿಯುವುದಿಲ್ಲವಲ್ಲ, ಒಂದು ದಿನ ನಾನು ಗಟ್ಟಿಯಾಗಿ ‘ಆಗಾಮೆ ಸಿತಿಯೊ’ ಎಂದೆ. ಜಾಗ ಮಾಡಿಕೊಡಿ ಎಂದರ್ಥ. ಮೂವರೂ ಬೆಚ್ಚಿ ಸರಿದರು. ಈಗ ನೀಲಾಬಾಯಿ ದಿನಾ ಅದನ್ನೇ ಹೇಳುತ್ತಾರೆ. ‘ಮರಾಠಿವೊಳಗ ಹೇಳಿದ್ರ ಜಗಳಾಡ್ತಾರ, ಹಿಂದಿವೊಳಗ ಹೇಳಿದ್ರ ಕೇಳಿಸೇ ಇಲ್ಲ ಅಂತಾರ. ಇದು ಏನಂತ ತಿಳೀದಽ ಅಂಜಿ ಸರೀತಾರ ನೋಡವ್ವಾ’ ಎನ್ನುತ್ತಾರೆ.

ನಿಮ್ಮ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ‘ಏ ಚೆನ್ನಯ’ ಎಂಬಲ್ಲಿಗೆ ಬಂದಾಗ ಚಟ್ನಿ ಸರಿಯಾಗಿಲ್ಲ ಎಂದು ಅಡುಗೆಯವನಿಗೆ ಬೈದರು.

ರಾಜೀವಿ

ಲಾಸ್ ಪಾಲ್ಮಾಸ್
3-10-1971

ರಾಜೀವಿಯವರಿಗೆ,

ಉಪ್ಪಿನಕಾಯಿ ತಲುಪಿತು. ಅಂಗಿಗಳಿಗೆ ಏನೂ ಆಗಲಿಲ್ಲ, ಆದರೆ ಮೆಸ್ಸಿನ ಹನ್ನೆರಡು ಜನರೂ ವಾಸನೆ ಹಿಡಿದು ಬಂದರು. ಭರಣಿಯನ್ನು ಮಂಚದಡಿ ಬಚ್ಚಿಟ್ಟಿದ್ದೇನೆ.

ಬಯಕೆಗೆ ಬೇರೆ ರೂಪ ಇರುವುದು ನನಗೆ ಗೊತ್ತಿರಲಿಲ್ಲ, ಆದರೆ ಕಿವಿಗೆ ಗೊತ್ತಿತ್ತು. ಇಲ್ಲಿ ಮಳೆಯೇ ಅಪರೂಪ. ಅಂಗಡಿಯವರು ದಿನಕ್ಕೊಮ್ಮೆ ಆಕಾಶ ನೋಡಿ ‘ಓಹಲಾ’ ಎಂದು ಶುರು ಮಾಡುತ್ತಾರೆ. ಹಾಗಾಗಲಿ ಎಂದು ಬೇಡಿಕೊಳ್ಳುವುದು. ನಾನೂ ಅವರ ಜೊತೆ ನಿಂತು ಓಹಲಾ ಎನ್ನುತ್ತೇನೆ, ನನ್ನದು ಮಳೆಗಲ್ಲ. ಉಳಿದದ್ದು ಬೇರೆ ಹಾಳೆಯಲ್ಲಿದೆ. ಅದನ್ನು ಧಣಿಗಳಿಗೆ ಓದಬೇಡಿರಿ.

(ಬೇರೆ ಹಾಳೆ)

ಇದನ್ನು ಆರು ಸಲ ಬರೆದು ಹರಿದಿದ್ದೇನೆ. ನಿಮ್ಮ ಪತ್ರ ಬಂದ ದಿನ ಅಡುಗೆಗೆ ಉಪ್ಪು ಹೆಚ್ಚಾಗುತ್ತದೆ ಎಂದು ಮೆಸ್ಸಿನವರು ಕಂಡುಹಿಡಿದಿದ್ದಾರೆ. ಪತ್ರ ಬಾರದಿದ್ದ ವಾರ ಊಟ ಚೆನ್ನಾಗಿತ್ತಂತೆ. ನನಗೆ ನಿಮ್ಮ ಮೇಲೆ ಮನಸ್ಸಾಗಿದೆ. ನಾನು ನಿಮ್ಮ ತಂದೆಯ ಒಲೆಯ ಮುಂದೆ ನಿಂತವನು, ಓದಿದವನಲ್ಲ, ಅದೆಲ್ಲ ನನಗೆ ನೆನಪಿದೆ. ಬರುವ ಜುಲೈಗೆ ನನ್ನ ಕರಾರು ಮುಗಿಯುತ್ತದೆ. ನಿಮಗೆ ಒಪ್ಪಿಗೆಯಾದರೆ ಧಣಿಗಳಿಗೆ ಬರೆದು ಕೇಳುತ್ತೇನೆ. ಕೇಳಲೇ?

ಚೆನ್ನಯ

ಚೆಂಬೂರು
14-11-1971

ಚೆನ್ನಯರಿಗೆ,

ಬೇರೆ ಹಾಳೆಯ ವಿಷಯ. ಅಂಥದ್ದೆಲ್ಲ ಬೇಡ. ನಾನು ಇನ್ನೂ ಕಲಿಯುತ್ತಿರುವವಳು. ನಿಮಗೆ ನನಗಿಂತ ಒಳ್ಳೆಯ ಹುಡುಗಿ ಸಿಗುತ್ತಾಳೆ.

ಇನ್ನು ಉಳಿದ ಸಮಾಚಾರ. ಯಂತ್ರ ಬಂದರದಲ್ಲಿ ಇಳಿದಿದೆ. ಅದನ್ನು ಜೋಡಿಸಲು ಬಾರ್ಸಿಲೋನಾದಿಂದ ಒಬ್ಬ ಇಂಜಿನಿಯರು ಬರುತ್ತಾರಂತೆ. ನಾನು ಎಪ್ಪತ್ತು ಪುಟ ಇಂಗ್ಲಿಷಿಗೆ ಇಳಿಸಿದ್ದೇನೆ. ನೀವು ಹೇಳಿಕೊಟ್ಟ ‘ಮಿರೆ’ ಪುಸ್ತಕದಲ್ಲಿ ಹನ್ನೊಂದು ಸಲ ಸಿಕ್ಕಿತು, ಪ್ರತಿ ಸಲ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಿದ್ದೇನೆ. ಅಲ್ಲಿ ಈಗ ಚಳಿಯೇ? ಸ್ವೆಟರ್ ಇದೆಯೇ? ಅಮ್ಮ ಒಂದು ಹೆಣೆಯುತ್ತಿದ್ದಾರೆ, ಅಂದರೆ ಅಮ್ಮ ಶುರು ಮಾಡಿದರು, ಮುಗಿಸುತ್ತಿರುವುದು ನಾನು. ನಿಮ್ಮ ಭುಜದ ಅಳತೆ ನೆನಪಿನ ಮೇಲೆ ಹಿಡಿದಿದ್ದೇನೆ. ಮಂಚದಡಿಯ ಭರಣಿ ಖಾಲಿಯಾಗುವ ಮೊದಲೇ ತಿಳಿಸಿರಿ. ಬೇಗ ಬರೆಯಿರಿ. ಈ ಸಲ ಇಷ್ಟು ತಡ ಮಾಡಬೇಡಿರಿ.

ರಾಜೀವಿ

ಲಾಸ್ ಪಾಲ್ಮಾಸ್
6-1-1972

ಪೂಜ್ಯ ಧಣಿಗಳಿಗೆ,

ಯುದ್ಧದ ಸುದ್ದಿ ಕೇಳಿ ಇಲ್ಲಿ ಎಲ್ಲರೂ ರೇಡಿಯೋ ಮುಂದೆಯೇ ಇದ್ದೆವು. ಮುಂಬಯಿಯಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರಂತೆ. ತಾವೆಲ್ಲ ಕ್ಷೇಮವಾಗಿರುವುದು ಸೇಠರ ತಮ್ಮನಿಂದ ತಿಳಿದು ಸಮಾಧಾನವಾಯಿತು. ಸ್ವೆಟರ್ ಬಂತು, ಅಮ್ಮನವರಿಗೆ ನನ್ನ ನಮಸ್ಕಾರ. ಭುಜ ಸರಿಯಾಗಿದೆ.

ಇನ್ನೂ ಎರಡೂವರೆ ವರ್ಷ ಇಲ್ಲೇ ಇರುವಂತೆ ಸೇಠರು ಕೇಳುತ್ತಿದ್ದಾರೆ. ಏಪ್ರಿಲ್ ಕೊನೆಗೆ ಹೊಸ ಕರಾರಿಗೆ ಸಹಿ. ಊರಿಗೆ ಬರಲು ನನಗೆ ಅಂಥ ಕಾರಣವೇನೂ ಇಲ್ಲದ್ದರಿಂದ ಒಪ್ಪಬಹುದು.

ರಾಜೀವಿಯವರ ಓದು ಚೆನ್ನಾಗಿ ಸಾಗಲಿ.

ತಮ್ಮ ಆಳು
ಚೆನ್ನಯ

ಚೆಂಬೂರು
10-2-1972

ಚೆನ್ನಯರಿಗೆ,

ಅಪ್ಪ ಹೇಳುತ್ತಿದ್ದಾರೆ: ನಿನ್ನ ಪತ್ರ ಬಂತು. ಇನ್ನು ಮುಂದೆ ‘ತಮ್ಮ ಆಳು’ ಎಂದೆಲ್ಲ ಬರೆಯಬೇಡ, ಓದಲು ಚೆನ್ನಾಗಿಲ್ಲ. ಕರಾರಿಗೆ ಅವಸರ ಮಾಡಬೇಡ. ಮುಲುಂಡಿನಲ್ಲಿ ಎರಡು ಹೋಟೆಲು ನಡೆಸುವವರು ತಮ್ಮ ಮಗನಿಗೆ ರಾಜೀವಿಯನ್ನು ಕೇಳಿಕೊಂಡು ಬಂದಿದ್ದಾರೆ, ನೋಡಬೇಕು.

ಅಪ್ಪ ಹೇಳಿದ್ದು ಇಲ್ಲಿಗೆ ಮುಗಿಯಿತು. ಇನ್ನು ನನ್ನದು.

ನನ್ನದು ಏನೂ ಇಲ್ಲ.

ರಾಜೀವಿ

ಚೆಂಬೂರು
29-3-1972

ಚೆನ್ನಯರಿಗೆ,

ಈ ಪತ್ರವನ್ನು ನಿಂತು ಓದಬೇಡಿ, ಕುಳಿತುಕೊಳ್ಳಿ. ಅನ್ನ ಒಲೆಯ ಮೇಲಿದ್ದರೆ ಇಳಿಸಿ.

ಬಾರ್ಸಿಲೋನಾದ ಇಂಜಿನಿಯರು ಬಂದು ಹದಿನೈದು ದಿನವಾಯಿತು. ತೋಳು ಮಡಚಿದ ಅಂಗಿ, ಕೆಂಪು ಮೂಗು, ಒಳ್ಳೆಯ ಮನುಷ್ಯ. ನನ್ನ ಸ್ಪ್ಯಾನಿಷ್ ಕೇಳಿ, ಪುಸ್ತಕದ ತರಹವೂ ಇದೆ, ತರಕಾರಿ ಮಾರುವವರ ತರಹವೂ ಇದೆ ಎಂದು ನಕ್ಕರು. ಸೋಮವಾರ ಮ್ಯಾನೇಜರ ಎದುರಿಗೇ ಕೇಳಿದರು, ನಾಲ್ಕು ತಿಂಗಳು ನನ್ನ ದುಭಾಷಿಯಾಗಿ ಕೆಲಸ ಮಾಡುತ್ತೀರಾ ಎಂದು. ಒಂಬತ್ತು ತಿಂಗಳು ಅದಕ್ಕಾಗಿಯೇ ಓದಿದವಳು ನಾನು. ಏನು ಹೇಳಿದೆ ಗೊತ್ತೇ? ‘ಅಯ್ಯೋ, ಇಲ್ಲ ಸೆನ್ಯೋರ್, ನಾನೆಲ್ಲಿ, ನನಗಿಂತ ಚೆನ್ನಾಗಿ ಬರುವವರು ಬೇಕಾದಷ್ಟಿದ್ದಾರೆ.’ ಆಮೇಲೆ ತಲೆ ಬಗ್ಗಿಸಿ, ಹಾಗೆಲ್ಲ ಹೇಳಬೇಡಿ ಎನ್ನಲಿ ಎಂದು ಕಾದೆ. ಅವರು ಆಯಿತು ಎಂದು ತಲೆಯಲ್ಲಾಡಿಸಿ, ಕೋಟೆಯ ಕ್ಲಾಸಿನಿಂದ ಬೇರೆ ಯಾರನ್ನಾದರೂ ಕರೆಸಿ ಎಂದು ಮ್ಯಾನೇಜರಿಗೆ ಹೇಳಿ ಹೊರಟೇಹೋದರು.

ಸಂಜೆ ಗಾಡಿಯಲ್ಲಿ ಅತ್ತುಬಿಟ್ಟೆ. ನೀಲಾಬಾಯಿ ಎಲ್ಲ ಕೇಳಿದರು. ‘ಅಲ್ಲವ್ವಾ, ಒಂದಽ ಮಾತಿಗೆ ಹೂಂ ಅನ್ನಾಕ ನಾವೇನು ಹಸದು ಕುಂತೀವೇನು? ನೀ ಹೇಳಿದ್ದು ಬರೋಬ್ಬರಿ ಐತಿ. ಆದ್ರ ಅಂವಗ ತಿಳೀಬೇಕಲ್ಲ, ಅಂವ ನಮ್ಮ ಮಂದಿ ಅಲ್ಲ’ ಎಂದರು. ಆಗ ನಿಮ್ಮ ಗಿಣ್ಣಿನ ತುಂಡು ನೆನಪಾಯಿತು. ಬೇಡ ಎಂದರೆ ಬೇಡವೇ, ಈಗ ಅಭ್ಯಾಸವಾಗಿದೆ ಎಂದು ಬರೆದಿದ್ದಿರಿ. ಕುರ್ಲಾ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಾನು ಹಾಗೇ ನಿಂತುಬಿಟ್ಟೆ. ಹಿಂದಿನವರೆಲ್ಲ ಬೈದರು. ನಿಮ್ಮ ಕಿವಿಗೂ ಅಲ್ಲಿಯ ಅಭ್ಯಾಸ ಹಿಡಿದಿತ್ತೇ? ನಾನು ನವೆಂಬರಿನಿಂದ ಕಾಯುತ್ತಿದ್ದೇನೆ. ನೀವು ಎರಡನೆಯ ಸಲ ಕೇಳುತ್ತೀರಿ, ಆಗ ಸ್ವಲ್ಪ ಮೆತ್ತಗಾಗಿ ಹೇಳೋಣ, ಮೂರನೆಯ ಸಲಕ್ಕೆ ಹೂಂ ಎನ್ನೋಣ ಎಂದುಕೊಂಡಿದ್ದೆ. ಒಂದೇ ಸಲಕ್ಕೆ ಹೂಂ ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರಿ? ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟರೆ ಅವರೂ ಮೂರು ಸಲ ಬೇಡ ಎಂದೇ ಕುಡಿಯುತ್ತಾರಲ್ಲ. ಕೇಳಲೇ ಎಂದು ಒಮ್ಮೆ ಬರೆದು, ನನ್ನ ಮೂರು ಸಾಲಿನ ‘ಬೇಡ’ಕ್ಕೆ ಹೆದರಿ ಓಡಿಹೋದಿರಿ. ಅದರ ಕೆಳಗೆ ಒಂದು ಪುಟ ಬರೆದಿದ್ದೆನಲ್ಲ ಮಾರಾಯ್ರೆ, ಬೇಡವಾದವರಿಗೆ ಯಾರಾದರೂ ಸ್ವೆಟರ್ ಹೆಣೆಯುತ್ತಾರೆಯೇ?

ಮರುದಿನ ಬೆಳಿಗ್ಗೆ ಏಳಕ್ಕೇ ಹೋಗಿ ಯಂತ್ರದ ಪಕ್ಕ ನಿಂತೆ. ಇಂಜಿನಿಯರು ಬಂದರು. ಹುಟ್ಟಿದಾಗಿನಿಂದ ನಾನು ದೊಡ್ಡವರಿಗೆ ಯಾರಿಗೂ ಇದು ಮಾಡಿ, ಅದು ಮಾಡಿ ಎಂದವಳಲ್ಲ. ಅಂದು ಅವರ ಕೆಂಪು ಮೂಗು ನೋಡಿಕೊಂಡು ಹೇಳಿದೆ: ‘ಪ್ರೆಗೂಂತೆಮೆ ಓತ್ರಾ ವೆಸ್.’ ನನ್ನನ್ನು ಇನ್ನೊಮ್ಮೆ ಕೇಳಿ. ಅವರು ಕಣ್ಣರಳಿಸಿದರು, ಆಮೇಲೆ ಟೋಪಿ ತೆಗೆದು ಅದೇ ಪ್ರಶ್ನೆ ಕೇಳಿದರು. ಅವರ ಮಾತು ಮುಗಿಯುವ ಮೊದಲೇ ‘ಸೀ’ ಎಂದೆ. ಈಗ ನಾನು ದುಭಾಷಿ.

ಮುಲುಂಡಿನವರು ವಾರ ಬಿಟ್ಟು ವಾರ ಬರುತ್ತಿದ್ದಾರೆ. ಅವರು ಕೇಳುವುದರಲ್ಲಿ ನಿಮ್ಮಂತೆ ಅಲ್ಲ, ಈಗಾಗಲೇ ಮೂರನೆಯ ಸಲ ಆಗಿದೆ. ನಿಮ್ಮ ಸಹಿ ಏಪ್ರಿಲ್ ಕೊನೆಗೆ. ಈ ಕಾಗದ ಅದಕ್ಕೆ ಮೊದಲು ತಲುಪಲಿ. ತಲುಪದಿದ್ದರೆ ಏನು ಮಾಡುವುದೆಂದು ನನಗೆ ಗೊತ್ತಿಲ್ಲ, ಭಯವಾಗುತ್ತದೆ.

ಪ್ರೆಗೂಂತೆಮೆ ಓತ್ರಾ ವೆಸ್.

ರಾಜೀವಿ

ಲಾಸ್ ಪಾಲ್ಮಾಸ್
13-4-1972

ರಾಜೀವಿಗೆ,

ಕುಳಿತೇ ಓದಿದೆ. ಅನ್ನ ಇಳಿಸಲಿಲ್ಲ, ಹೊತ್ತಿತು. ಮೆಸ್ಸಿನವರು ಇವತ್ತು ಬ್ರೆಡ್ಡು ತಿಂದರು, ಆದರೂ ಯಾರೂ ಬೈಯಲಿಲ್ಲ. ನನ್ನ ಮುಖ ನೋಡಿ ಅವರೇ ನಗುತ್ತಿದ್ದರು.

ಎಂಥ ದಡ್ಡ ನಾನು! ಸಾವಿರ ಮದುವೆಯೂಟ ಬಡಿಸಿದವನು, ಬೇಡ ಎಂದವರ ಎಲೆಗೆ ಹೋಳಿಗೆ ಹಾಕಿಯೇ ಮುಂದೆ ಹೋದವನು. ನಿಮ್ಮ ಎಲೆಯ ಮುಂದೆ ಮಾತ್ರ ಪಾತ್ರೆ ಎತ್ತಿಕೊಂಡು ನಡೆದುಬಿಟ್ಟೆ. ನಿಜ ಹೇಳಬೇಕೆಂದರೆ ಅಭ್ಯಾಸ ಒಂದೇ ಕಾರಣವಲ್ಲ. ಧಣಿಗಳ ಮಗಳು ಬೇಡ ಎಂದರೆ ಅದು ನ್ಯಾಯವೇ ಎಂದು ನನಗೆ ನಾನೇ ಹೇಳಿಕೊಂಡೆ. ಸ್ವೆಟರ್ ಹಾಕಿಕೊಂಡೇ ಹಾಗೆ ಹೇಳಿಕೊಂಡೆ.

ಕರಾರಿನ ಕಾಗದವನ್ನು ಸಂಜೆಯೇ ಸೇಠರಿಗೆ ಹಿಂದೆ ಕೊಟ್ಟೆ, ಸಹಿ ಇಲ್ಲದೆ. ಅವರು ಎರಡು ಸಲ ಒತ್ತಾಯ ಮಾಡಿದರು. ಅವರೂ ನಮ್ಮ ದೇಶದವರಲ್ಲವೇ. ಎರಡು ಸಲವೂ ಬೇಡ ಎಂದೆ, ಆ ಬೇಡ ಗಟ್ಟಿ.

ಇನ್ನೊಮ್ಮೆ ಕೇಳುತ್ತಿದ್ದೇನೆ. ನನ್ನನ್ನು ಮದುವೆಯಾಗುವಿರಾ? ಎರಡನೆಯ ಸಲವೂ ಬೇಡ ಎನ್ನುವುದು ಮರ್ಯಾದೆಯಾದರೆ ತೊಂದರೆಯಿಲ್ಲ. ಮೂರನೆಯ ಸಲ ಈಗಲೇ ಕೇಳಿಬಿಡುತ್ತೇನೆ: ಆಗುವಿರಾ? ಜೊತೆಯ ಪತ್ರ ಧಣಿಗಳಿಗೆ. ಅದನ್ನು ಪೂರ್ತಿ ಓದಿ ಹೇಳಿರಿ.

ಚೆನ್ನಯ

ಚೆಂಬೂರು
4-5-1972

ಚೆನ್ನಯರಿಗೆ,

ಅಪ್ಪ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ.

‘ನಿನ್ನ ಪತ್ರ ತಲುಪಿತು. ನೀನು ಕೇಳಿರುವ ವಿಷಯ ಆಗಲಿಕ್ಕಿಲ್ಲ. ಹುಡುಗಿ ಈಗ ದುಭಾಷಿ, ಕಾರ್ಖಾನೆಯಲ್ಲಿ ಅವಳಿಗೆ ಬೇರೆ ಕುರ್ಚಿ ಇದೆ. ನಮಗೂ ಇಷ್ಟು ಬೇಗ ಮದುವೆ ಮಾಡುವ ಅವಸರವಿಲ್ಲ. ನೀನು ಬೇರೆ ಕಡೆ ನೋಡುವುದು ಒಳ್ಳೆಯದು.’

ಅಪ್ಪ ಹೇಳಿದ್ದು ಇಲ್ಲಿಗೆ ಮುಗಿಯಿತು. ಇನ್ನು ನನ್ನದು.

ಮೊದಲು ನಿಮ್ಮ ಪ್ರಶ್ನೆಗೆ. ಹೂಂ. ಸೀ. ನಮ್ಮ ಮನೆಮಾತು ತುಳುವಿನಲ್ಲೂ ಹೇಳಿದ್ದೇನೆ, ಒಬ್ಬಳೇ ಇದ್ದಾಗ.

ಈಗ ಅಪ್ಪನ ವಿಷಯ. ಮೇಲಿನದನ್ನು ಹೇಳಿ ಮುಗಿಸಿ ಬಹಳ ಗಂಭೀರವಾಗಿ ಕನ್ನಡಕ ತೆಗೆದರು. ‘ಬರೆದೆಯಾ? ಸರಿ. ಒಂದೇ ಮಾತಿಗೆ ಕೊಟ್ಟುಬಿಟ್ಟರೆ ಮಗಳು ಮನೆಯಲ್ಲಿ ಭಾರ ಆಗಿದ್ದಳು ಅಂತ ನಾಲ್ಕು ಜನ ಹೇಳುದಿಲ್ವಾ?’ ಎಂದರು. ಆಮೇಲೆ ಈ ಕಾಗದ ಅಲ್ಲಿಗೆ ತಲುಪಲು ಎಷ್ಟು ದಿನ ಬೇಕು ಎಂದು ಕೇಳಿದರು. ಹನ್ನೆರಡು ಎಂದೆ. ‘ಅಲ್ಲಿಂದ ಬರ್ಲಿಕ್ಕೆ?’ ಅದಕ್ಕೂ ಹನ್ನೆರಡು ಎಂದೆ. ಬೆರಳು ಮಡಿಸಿ ಎಣಿಸಿ, ‘ಅಷ್ಟೆಲ್ಲ ಯಾಕೆ ಮಾರಾಯ್ತಿ, ಅವನಿಗೆ ತಂತಿ ಹೊಡ್ಲಿಕ್ಕೆ ಗೊತ್ತುಂಟಾ?’ ಎಂದರು.

ಮುಲುಂಡಿನವರಿಗೆ ನಿನ್ನೆಯೇ ಹೇಳಿ ಕಳಿಸಿದ್ದಾರೆ, ಅದು ಗಟ್ಟಿಯ ಬೇಡ. ಬೆಳಿಗ್ಗೆ ಕಲ್ಲು ಕುಟ್ಟುವವರನ್ನು ಕರೆಸಿ, ನೀವು ಹೋದ ಮೇಲೆ ಮೂಲೆ ಸೇರಿದ್ದ ನಿಮ್ಮ ಅರೆಯುವ ಕಲ್ಲಿಗೆ ಹೊಸ ಉಳಿಪೆಟ್ಟು ಹಾಕಿಸಿದರು. ಯಾರಿಗೆ ಇದು ಎಂದು ಅಮ್ಮ ಕೇಳಿದ್ದಕ್ಕೆ, ಕಲ್ಲು ಕಲ್ಲೇ, ಯಾರಿಗಾದರೂ ಬೇಕಾಗುತ್ತದೆ ಎಂದು ಹೇಳಿ, ಅದನ್ನು ತಾವೇ ತೊಳೆದಿಟ್ಟರು. ಈಗ ಪೋಸ್ಟ್‌ಮನ್ ದಾರಿ ಕಾಣುವಂತೆ ಗಲ್ಲಾದ ಕುರ್ಚಿಯನ್ನು ತಿರುಗಿಸಿ ಕುಳಿತಿದ್ದಾರೆ.

ಆದ್ದರಿಂದ ಈ ಕಾಗದ ಮಡಿಸುವ ಮೊದಲೇ ಎದ್ದು ತಂತಿ ಆಫೀಸಿಗೆ ಹೋಗಿರಿ. ಇದು ದುಭಾಷಿಯ ಅಪ್ಪಣೆ. ಅಪ್ಪನನ್ನು ಇನ್ನೊಮ್ಮೆ ಕೇಳಿ.

ರಾಜೀವಿ